ಎಷ್ಟು ಹನಿಗೆ ಬುರುಗು

ಸೋಮವಾರ ಹೇಳಿದ್ದೆ: ಮನೆಯ ನೀರು ಒಂದು ಬಾಟಲಿ,
ಮೇಲೆ ಹೆಸರು ಬರೆದು ತನ್ನಿ.
ಮಂಗಳವಾರ ಏಳನೆಯ ತರಗತಿಯ ಕಿಟಕಿಕಟ್ಟೆ
ನೀರಿನ ಅಂಗಡಿ.

ಕೆಮ್ಮಿನ ಔಷಧಿಯ ಸೀಸೆಯಲ್ಲಿ ತಾಂಡಾದ ಬೋರು
(ಶಾಲೆಯ ನಲ್ಲಿಗೂ ಅದೇ),
ಗೋಲಿಸೋಡಾದ ಹಸಿರು ಗಾಜಿನಲ್ಲಿ ಮಸೀದಿ ಹಿಂದಿನ ಬಾವಿ,
ಐದು ರೂಪಾಯಿ ನುಂಗಿ ಕೊಡ ತುಂಬಿಸುವ
ಪಂಚಾಯ್ತಿ ಯಂತ್ರದ ಫಿಲ್ಟರ್ ನೀರು,
ಮರೆಪ್ಪನದು ಕಾಗಿಣಾ ಹೊಳೆ, ಇನ್ನೂ ಕೆಸರು ಕೂತಿಲ್ಲ.
ಅಂಬವ್ವ ಮಾತ್ರ ಎರಡು ಲೀಟರು ಎದೆಗವಚಿಕೊಂಡು,
ರಾತ್ರಿ ತಗಡಿನಿಂದ ಸುರಿದ ಮಳೆ.
"ಕುಡಿಯಾದು ಇದಲ್ರಿ ಟೀಚರ್. ಆದ್ರೂ ತಂದೀನಿ."

ಬಟ್ಟೆ ಸಾಬೂನು ಕೆರೆದು ಅವಳ ಮಳೆಯಲ್ಲೇ ಕರಗಿಸಿದೆವು.
"ಪೌಡರ್ ನಡೀತದೇನ್ರಿ?"
"ನಡೆಯಾಂಗಿಲ್ಲ. ಅದು ಯಾವ ನೀರು ಕಂಡ್ರೂ ನಗ್ತದ.
ಸಾಬೂನು ಹಂಗಲ್ಲ, ನೀರು ನೋಡಿ ಮಾತಾಡ್ತದ."
ಎಲ್ಲರಿಗೂ ಟಾನಿಕ್ಕಿನ ಎರಡು ಮುಚ್ಚಳ ನೀರು.
ಒಂದು ಹನಿ ಹಾಕು, ಕುಲುಕು,
ಬುರುಗು ಕೂತರೆ ಮತ್ತೊಂದು ಹನಿ.

ಮಳೆಗೆ ನಾಲ್ಕು.
ಯಂತ್ರಕ್ಕೆ ಆರು. ಹೊಳೆಗೆ ಹದಿನೈದು.
ಬಾವಿ ಇಪ್ಪತ್ತೊಂಬತ್ತಕ್ಕೆ ಒಲ್ಲದ ಮನಸ್ಸಿನಿಂದ ಒಂದು ಬೆರಳು ಎದ್ದಿತು.
ತಾಂಡಾದ ಬೋರು ನಲವತ್ತು ದಾಟಿದರೂ ಇಲ್ಲ,
ಒಡೆದ ಹಾಲಿನ ಹಾಗೆ ಬಿಳಿ ಚೂರು,
ಗಾಜಿಗೆ ಬೂದು ಗೆರೆ.
ಸೋನಾಬಾಯಿ ಕುಲುಕುತ್ತಲೇ ಇದ್ದಳು
ತಪ್ಪು ತನ್ನ ಕೈಯದೆಂಬಂತೆ.

ಇಸ್ಮಾಯಿಲನದೂ ರಬ್ಬಾನಿಯದೂ ಒಂದೇ ಬಾವಿ.
ಆದರೆ ರಬ್ಬಾನಿಯ ಬಾಟಲಿ ಮೊದಲ ಹನಿಗೇ ಉಕ್ಕಿ
ಅವನ ಮೂಗಿಗೆ ಮೆತ್ತಿತು. ಚಪ್ಪಾಳೆ.
ಮೂಸಿ ನೋಡಿದೆ: ಅಕ್ಕನ ಶಾಂಪೂ.
"ತೊಳೆದಿದ್ದೆನ್ರಿ," ಅಂದ, "ಅದೇ ಬಾವಿ ನೀರಿಲೆ."

ಯಾಕೆ ಹೀಗೆ? ಹಿಮ್ಮಡಿಯಿಂದ ನೆಲ ಬಡಿದು ಕೇಳಿದೆ,
"ಯಾತರ ಮ್ಯಾಲ ಕುಂತೀರಿ?"
"ಪರ್ಸಿ ರೀ."
ನಾನೂ ಶಹಾಬಾದಿನ ಪರ್ಸಿಯ ಮೇಲೇ ಅಂಬೆಗಾಲಿಟ್ಟವಳು.
ಅಪ್ಪ ಖಣಿಯಲ್ಲಿ ಉಳಿಯಿಟ್ಟು
ಪದರು ಪದರಾಗಿ ಬಿಡಿಸುತ್ತಿದ್ದ, ಬಿಸಿ ಹೋಳಿಗೆಯ ಹಾಗೆ.
ನೆಲದೊಳಗೆ ಮಳೆ ಅದೇ ಕೆಲಸ ಮಾಡುತ್ತದೆ,
ಸದ್ದಿಲ್ಲ, ಕೂಲಿಯಿಲ್ಲ.
ಕರಗಿದ ಕಲ್ಲು ಕೊಡದಲ್ಲಿ ಮನೆಗೆ ಬಂದು
ಹಂಡೆಯ ತಳದಲ್ಲಿ ಮತ್ತೆ ಕಲ್ಲಾಗುತ್ತದೆ.

"ಹಂಗಾದ್ರ ನಾವು ಶಾಲಿ ನೆಲಾನ ಕುಡಿಲತ್ತೀವೇನ್ರಿ?"
ಮರೆಪ್ಪನ ಪ್ರಶ್ನೆ ಪುಸ್ತಕದಲ್ಲಿಲ್ಲ.
ಹೌದು ಅಂದೆ.

ಬಾಗಿಲಲ್ಲಿ ಸೌಟು ಹಿಡಿದು ಸಾಬವ್ವ, ಬಿಸಿಯೂಟದಾಕೆ,
ಯಾವಾಗ ಬಂದು ನಿಂತಿದ್ದಳೋ.
"ಇಷ್ಟಕ್ಕ ಸಾಬೂನು ಯಾಕ ಹಾಳ ಮಾಡ್ತೀರಿ ಯವ್ವಾ,
ನನಗ ಕೇಳಿದ್ರ ಹೇಳ್ತಿದ್ದಿಲ್ಲೇನು?
ಹೊಳಿ ನೀರಿಗಿ ತೊಗರಿ ಬ್ಯಾಳಿ ಒಂದು ತಾಸು.
ಬಾವಿಗಿ ಎರಡು.
ಈ ಬೋರಿನಾಗ ಸಂಜೀತನ ಕುದಿಸಿದ್ರೂ
ಕಣ್ಣ ಬಿಟ್ಕೊಂಡೇ ಕೂಡ್ತದ.
ಹದಿನಾಲ್ಕು ವರ್ಷ ಆತು, ದಿನಾ ಇದೇ ಪರೀಕ್ಷಾ ನಂದು."

ಹಲಗೆ ನೋಡಿದೆ. ಅವಳ ಸಾಲು, ನಮ್ಮ ಸಾಲು, ಒಂದೇ.
'ಹನಿ' ಎಂದಿದ್ದ ಮನೆಯ ಪಕ್ಕ ಇನ್ನೊಂದು ಗೆರೆ ಎಳೆದು
'ಬ್ಯಾಳಿ' ಎಂದು ಬರೆದಳು ಅಂಬವ್ವ,
ಕೇಳದೆಯೇ.

ಬಾಟಲಿಯಲ್ಲಿ ಮಳೆ ಇನ್ನೂ ಒಂದೂವರೆ ಲೀಟರು.
"ಚೆಲ್ಲಬ್ಯಾಡ್ರಿ," ಸಾಬವ್ವ ಸೆರಗಿನಲ್ಲಿ ಬಾಟಲಿ ಒರೆಸಿ
ಒಯ್ದಳು, ನೂರಾ ನಲವತ್ತು ತಟ್ಟೆಗಳ ಪಾತ್ರೆಗೆ ಸುರಿದಳು.
ಕಿಟಕಿಯಿಂದ ಎಲ್ಲರೂ ನೋಡಿದರು.

ಒಂದು ಗಂಟೆಗೆ ಸಾಲಾಗಿ ಪರ್ಸಿಯ ಮೇಲೆ ಕೂತೆವು.
ನಾಲಿಗೆಯ ಅಡಿ ಕಾಳು ಕಾಳಾಗಿ ಸಿಕ್ಕಿತು ಬೇಳೆ,
ನಿನ್ನೆಯ ಹಾಗೆ, ಮೊನ್ನೆಯ ಹಾಗೆ.
"ಇವತ್ತ ತುಸು ಮೆತ್ತಗ ಆಗ್ಯಾದಲ್ರಿ?"
ಸೌಟು ಎತ್ತಿದ ಕೈ ಅಲ್ಲೇ ನಿಂತಿತ್ತು.

ಇಪ್ಪತ್ತೆರಡು ಮಕ್ಕಳು ನನ್ನ ಮುಖ ನೋಡಿದರು.
ಅಳೆದದ್ದನ್ನಷ್ಟೇ ಬರೆಯಿರಿ ಎಂದು
ಬೆಳಗ್ಗೆ ಹಲಗೆಯ ಮೇಲೆ ಬರೆಸಿದವಳು
ನಾನೇ ಮೊದಲು ಹೇಳಿದೆ:
"ಆಗ್ಯಾದ, ಸಾಬವ್ವ."
"ಆಗ್ಯಾದ," ಅಂದವು ಉಳಿದ ಬಾಯಿ,
ಅಗಿಯುತ್ತ.